ಒಂದು ‘ತಪ್ಪಾಯ್ತು’ ಅನ್ನಿಸೋಕೆ

ಠಾಣೆ, ಕೋರ್ಟು ಅಂದ್ರೆ ಜನ ಅಳ್ತಾರೆ. ನಾನು ಹೋದಾಗೆಲ್ಲ ಏನಾದ್ರೂ ಒಂದು ನಗೋ ಹಂಗೇ ಆಗ್ತಿತ್ತು. ಹೆಚ್ಚು ಓದಿದವನಲ್ಲ. ನೆನಪಿರೋದು ಬರೀತೀನಿ.

ಸಂಗತಿ ಇಷ್ಟೇ. ಕೂಟಗಲ್ ಕಡೆ ನನ್ನ ಕುರೀನೇ ನಾನು ಹೊಡ್ಕೊಂಡು ಹೋಗ್ತಿದ್ದೆ. ಎಸ್‌ಐ ಸಾಹೇಬ್ರು ಕುರಿಗಳ್ಳ ಅಂದ್ಕೊಂಡು ಠಾಣೆಗೆ ಕರ್ಕೊಂಡೋಗಿ ಕೆನ್ನೆಗೆ ಒಂದು ಬಿಟ್ರು. ಕಳ್ಳ ಬೇರೆಯವನು ಅಂತ ಸಂಜೆಗೆ ಗೊತ್ತಾಯ್ತು. ಹೋಗು ಅಂದ್ರು. ನಾನು ಸುಮ್ಮನಾದೆ. ನನ್ನ ಹೆಂಡತಿ ಆಗಲಿಲ್ಲ. ಅವರ ಬಾಯಲ್ಲಿ ತಪ್ಪಾಯ್ತು ಅನ್ನಿಸ್ದೆ ಬಿಡಲ್ಲ ಅಂದಳು.

೧. ಯಾವ ಕೆನ್ನೆ

ದೂರು ಕೊಡೋಕೂ ಅದೇ ಠಾಣೆಗೇ ಹೋದ್ವಿ. ವಯಸ್ಸಾದ ಪೇದೆ ಒಬ್ಬರು ಪಾಪ, ಕೂತ್ಕೊಂಡು ಬರ್ಕೊಟ್ರು. ಇವತ್ತಿಗೂ ಅವರಿಗೆ ಕೈ ಮುಗೀತೀನಿ. ಯಾವ ಕೆನ್ನೆ ಅಂತ ಕೇಳಿದ್ರು. ಗಾಬರೀಲಿ ಬಲಗೆನ್ನೆ ಅಂದೆ. ಪೆನ್ನು ಎತ್ತಿ ನನ್ನ ಮುಖ ನೋಡಿದ್ರು.

“ಎಡಗೆನ್ನೆ ಕಣಯ್ಯ. ನಮ್ ಸಾಹೇಬ್ರು ಬಲಗೈಯವ್ರು. ನಾಕ್ ವರ್ಷದಿಂದ ನೋಡ್ತಾ ಇವ್ನಿ.”

೨. ಕಾಲಂ

ರಾಮನಗರದ ಪೊಲೀಸ್ ಆಫೀಸಲ್ಲಿ ವಿಚಾರಣೆ. ದೊಡ್ಡ ಸಾಹೇಬ್ರು ಕೂರಿಸಿ ಟೀ ಕೊಡಿಸಿದ್ರು. ಏನು ಕ್ರಮ ತಗೋಬೇಕು ಅಂತ ಕೇಳಿದ್ರು. ತಪ್ಪಾಯ್ತು ಅನ್ನಲಿ ಸಾಕು ಅಂದಳು ಇವಳು. ಅವರು ಫಾರಂ ತಿರುಗಿಸಿ ಮುರುಗಿಸಿ ನೋಡಿದ್ರು. ಎಚ್ಚರಿಕೆ ಐತೆ, ವರ್ಗ ಐತೆ, ಸಸ್ಪೆಂಡ್ ಐತೆ, ಅದಕ್ಕೆ ಮಾತ್ರ ಕಾಲಂ ಇಲ್ಲಮ್ಮ ಅಂದ್ರು.

ಇವಳು ಬಗ್ಗಿ ನೋಡಿ, “ಮಗ್ಗುಲಲ್ಲಿ ಬರೀರಿ ಸಾಮಿ, ಜಾಗ ಐತಲ್ಲ” ಅಂದಳು.

೩. ರೊಟ್ಟಿ

ಆಮೇಲೆ ಕೋರ್ಟಿಗೆ ಹಾಕಿದ್ವಿ. ಎಸ್‌ಐ ಸಾಹೇಬ್ರಿಗೆ ಮಾಗಡಿ ಕಡೆ ವರ್ಗ ಆಗಿತ್ತು. ತಾರೀಖಿಗೆ ಅಲ್ಲಿಂದ ಬರೋರು. ಕೂರೋಕೆ ಇದ್ದಿದ್ದು ಒಂದೇ ಬೆಂಚು. ಅವರೂ ಅಲ್ಲೇ, ನಾವೂ ಅಲ್ಲೇ. ಮಧ್ಯಾಹ್ನ ಇವಳು ಬುತ್ತಿ ಬಿಚ್ಚಿ ಅವರಿಗೂ ರೊಟ್ಟಿ ಕೊಟ್ಟಳು. ಕೇಸು ಬೇರೆ ಹಸಿವು ಬೇರೆ ಅಂದಳು. ಅವರು ಎರಡು ತಿಂದ್ರು. ನಮ್ಮ ವಕೀಲರು ಕಂಡು, ಹಿಂಗೆಲ್ಲ ಮಾಡಿದ್ರೆ ಕೇಸು ಸಡಿಲ ಆಯ್ತದೆ ಅಂತ ರೇಗಿದ್ರು.

“ನೀವು ನಾಕು ತಿಂದ್ರಲ್ಲ,” ಅಂದಳು. “ಬಿಗಿ ಆಯ್ತಾ?”

೪. ಹಾಲುತುಪ್ಪ

ಹೋದ ವರ್ಷ ಅವಳು ಹೋದಳು. ಮಲಗಿದ್ದು ಎರಡೇ ದಿನ. ಕೇಸು ಹಂಗೇ ಇತ್ತು.

ಮೂರನೇ ದಿನ ಹಾಲುತುಪ್ಪ. ಹೊಲದಲ್ಲಿ, ಅವಳನ್ನ ಮಣ್ಣು ಮಾಡಿದ್ದ ಗುಡ್ಡೆ ಮೇಲೆ ಎಡೆ ಇಟ್ವಿ. ಕಾಗೆ ಮುಟ್ಟಬೇಕು. ಮುಟ್ಟದಿದ್ರೆ ಹೋದವರಿಗೆ ಏನೋ ಆಸೆ ಉಳಿದೈತೆ ಅಂತ. ಕಾಗೆ ಹೊಂಗೆ ಮರ ಬಿಟ್ಟು ಇಳೀಲಿಲ್ಲ. ಮಗಳನ್ನ ಚೆನ್ನಾಗಿ ನೋಡ್ಕೋತೀನಿ ಅಂದೆ. ಬರಲಿಲ್ಲ. ಕಬ್ಬಾಳಮ್ಮನ ಹರಕೆ ತೀರಿಸ್ತೀನಿ ಅಂದೆ. ಬರಲಿಲ್ಲ.

ಅಷ್ಟರಲ್ಲಿ ಎಸ್‌ಐ ಸಾಹೇಬ್ರು ಬಂದ್ರು. ಸುದ್ದಿ ಕೇಳಿ, ಯಾರೂ ಕರೀದೆ ಬಂದಿದ್ರು. ನನ್ನ ಹೆಂಡತಿಯ ಅಕ್ಕ ಅವರನ್ನ ನೋಡಿದಳು, ಕಾಗೆ ನೋಡಿದಳು, ಅಂದ್ಬುಡಿ ಸಾಮಿ ಅಂದಳು. ಅವರಿಗೆ ತಿಳೀತು. ಚಪ್ಪಲಿ ಬಿಟ್ಟು ಮುಂದೆ ಬಂದು ಮೆಲ್ಲಗೆ ತಪ್ಪಾಯ್ತು ಕಣಮ್ಮ ಅಂದ್ರು. ಕಾಗೆ ಕತ್ತು ಕೊಂಕಿಸ್ತು. ಇಳೀಲಿಲ್ಲ.

“ಒಸಿ ಗಟ್ಟಿಯಾಗಿ ಯೋಳಿ,” ಅಂದಳು ಅಕ್ಕ. “ಅವ್ಳಿಗೆ ಕಿವಿ ಮಂದ.”

ಸಾಹೇಬ್ರು ಠಾಣೇಲಿ ಕೂಗೋ ಗಂಟಲಲ್ಲೇ ಇನ್ನೊಂದ್ಸಲ ಅಂದ್ರು. ಸುತ್ತಿನ ಹಕ್ಕಿಯೆಲ್ಲ ಎದ್ದೋದ್ವು. ಆ ಕಾಗೆ ಮಾತ್ರ ಇಳಿದು ಬಂದು ವಡೆ ಕಚ್ಕೊಂಡು ಹೋಯ್ತು. ನನಗೆ ಅಳು ಬಂತು. ಅವರ ಕಣ್ಣೂ ಒದ್ದೆ. ಬರಲೇಬೇಕು ಅಂತ ಏನಿತ್ತು ಅವರಿಗೆ? ಆ ಉಪಕಾರ ನಾನು ಮರೆಯಲ್ಲ.

ಹೊರಡುವಾಗ ಹತ್ತಿರ ಬಂದು, ಮುಂದಿನ ತಾರೀಖಿಗೆ ಬರಬೇಕಾ ಯಜಮಾನ್ರೆ ಅಂತ ಕೇಳಿದ್ರು.

“ಬ್ಯಾಡಿ ಸಾಮಿ,” ಅಂದೆ. “ತೀರ್ಪು ಕೊಟ್ಟು ಹಾರೋಯ್ತಲ್ಲ.”