ತಾಳೆರಾಯರ ಎರಡು ಪಟ್ಟಿ

ಆ ಪ್ರಶ್ನೆಯನ್ನು ತಾಳೆರಾಯರು ಮನಸ್ಸಿನಲ್ಲೇ ಕೇಳಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಅವರು ಬಾಯಿಬಿಟ್ಟು ಕೇಳಿದರು.

"ನಾಲ್ಕು ನಾಲ್ಕು ಏಳು ಒಂದು, ಇದು ನಿಮ್ಮ ಸ್ಕೂಟರ್ ನಂಬರ್ ಅಲ್ವೇನ್ರೀ?"

ಪಕ್ಕದ ಮೇಜಿನ ಟಪಾಲು ಗುಮಾಸ್ತ ಲಕೋಟೆಗೆ ಹಚ್ಚಬೇಕಾದ ಅಂಟನ್ನು ಹೆಬ್ಬೆರಳಿಗೆ ಹಚ್ಚಿಕೊಂಡ. "ಯಾಕೆ?"

"ಮಂಗಳವಾರ ಹನ್ನೊಂದೂ ಹತ್ತಕ್ಕೆ ಸೇತುವೆ ದಾಟಿದೆ. ಸರ್ಕಲ್ ದಾಟಿರೋದು ಹನ್ನೆರಡೂವರೆಗೆ. ಎಂಟು ನಿಮಿಷದ ದಾರಿ. ಮಿಕ್ಕ ಹೊತ್ತು ಎಲ್ಲಿ ಹೋಯ್ತು ಅಂತ ನೋಡ್ತಾ ಇದ್ದೆ."

ನಗರ ಸಂಚಾರ ಯೋಜನಾ ಕಚೇರಿಯ ಆ ಕೋಣೆಯಲ್ಲಿ ಎಲ್ಲರ ತಲೆ ಇತ್ತ ತಿರುಗಿತು. ಯಾರೋ ಬಿಸ್ಕತ್ತು ಕಡಿಯುತ್ತಿದ್ದವರು ಅರ್ಧಕ್ಕೇ ಬಿಟ್ಟರು. ಮಂಗಳವಾರ ಹನ್ನೊಂದೂ ಹತ್ತಕ್ಕೆ ಆ ಗುಮಾಸ್ತ ಹಾಜರಿ ಪುಸ್ತಕದ ಪ್ರಕಾರ ಇದೇ ಕುರ್ಚಿಯಲ್ಲಿದ್ದ.

ತಾಳೆರಾಯರ ನಿಜವಾದ ಹೆಸರು ಸೇವಾ ಪುಸ್ತಕಕ್ಕೆ ಬಿಟ್ಟು ಬೇರೆ ಯಾರಿಗೂ ನೆನಪಿರಲಿಲ್ಲ. ಎರಡು ಪಟ್ಟಿ ಒಟ್ಟಿಗೆ ಕಂಡರೆ ಸಾಕು, ತಾಳೆ ನೋಡದೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಕರೆದವರ ಪಟ್ಟಿಗೂ ಬರುತ್ತೇವೆಂದವರ ಪಟ್ಟಿಗೂ ತಾಳೆ ನೋಡುತ್ತ ಕೂತು ತಮ್ಮ ಮದುವೆಗೆ ತಾವೇ ತಡವಾಗಿ ಹೋದವರು ಅವರು. ಹಾಗಾಗಿ ಎರಡು ವಾರದ ಹಿಂದೆ ವರ್ಗವಾಗಿ ಬಂದ ಹೊಸ ಮೇಡಂ ಈ ಕೆಲಸವನ್ನು ಕಣ್ಣು ಮುಚ್ಚಿ ಅವರಿಗೇ ಕೊಟ್ಟಿದ್ದರು.

ಕೆಲಸ ಸರಳವಾಗಿತ್ತು. ಮಾರುಕಟ್ಟೆ ರಸ್ತೆ ಏಕಮುಖ. ಒಳಗೆ ಹೋಗುವ ತುದಿಯಲ್ಲಿ ಸೇತುವೆ, ಹೊರಗೆ ಬರುವ ತುದಿಯಲ್ಲಿ ಸರ್ಕಲ್. ಮಂಗಳವಾರ ಹತ್ತರಿಂದ ಒಂದರವರೆಗೆ ಎರಡೂ ಕಡೆ ದಿನಗೂಲಿಯವರು ಕೂತು, ದಾಟಿದ ವಾಹನಗಳ ನಂಬರೂ ಗಂಟೆಯೂ ಬರೆದಿದ್ದರು. ಸೇತುವೆ ಪಟ್ಟಿಯಲ್ಲಿ ಎಂಟುನೂರ ಹನ್ನೆರಡು, ಸರ್ಕಲ್ ಪಟ್ಟಿಯಲ್ಲಿ ಎಂಟುನೂರ ಐದು. ಎರಡನ್ನೂ ಕಂಪ್ಯೂಟರಿನಲ್ಲಿ ಕೂಡಿಸಿ, ಯಾವ ವಾಹನ ಆ ರಸ್ತೆ ದಾಟಲು ಎಷ್ಟು ಹೊತ್ತು ತೆಗೆದುಕೊಂಡಿತೆಂದು ನಾಲ್ಕು ಗಂಟೆಗೆ ಮೇಡಂ ಮುಂದೆ ಇಡಬೇಕು.

"ಅಣ್ಣಾ," ಟಪಾಲು ಗುಮಾಸ್ತ ಕುರ್ಚಿ ಎಳೆದುಕೊಂಡು ಬಂದ. ಹುಟ್ಟಿದಾಗಿನಿಂದ ಅವನು ಯಾರನ್ನೂ ಅಣ್ಣ ಅಂದವನಲ್ಲ. "ಹೆಂಡತಿ ಸಿನಿಮಾ ಟಿಕೆಟ್‌ಗೆ ಸಾಲಲ್ಲಿ ನಿಲ್ಲಿಸಿದ್ಲು. ಒಂದೇ ಒಂದು ಸಾಲು, ಅಳಿಸಿಬಿಡಿ. ಎಂಟುನೂರರಲ್ಲಿ ಒಂದು ಹೋದ್ರೆ ಸಮುದ್ರದಲ್ಲಿ ಒಂದು ಸೌಟು ನೀರು ಹೋದ ಹಾಗೆ."

ರಾಯರು ಆ ಸಾಲನ್ನು ಮತ್ತೊಮ್ಮೆ ಓದಿದರು. ಸಾಲು ಅಳಿಸುವುದೆಂದರೆ ಅವರಿಗೆ ಹಲ್ಲು ಕೀಳಿಸಿಕೊಂಡಷ್ಟೇ ಹಿತ. ಆದರೆ ಗುಮಾಸ್ತನ ಮುಖ ನೋಡಿ ಮನಸ್ಸು ಕರಗಿತು. ಅಳಿಸಿದರು.

ದಾನಶೂರನ ಸುದ್ದಿ ಊರಿಗೆ ಹಬ್ಬಲು ಎಷ್ಟು ಹೊತ್ತು ಬೇಕು? ಐದು ನಿಮಿಷದಲ್ಲಿ ನಕಾಶೆ ಬರೆಯುವ ಹಿರಿಯಾಕೆ, ಕಚೇರಿಗೆಲ್ಲ ನಕಾಶೆಯಕ್ಕ, ಟೀ ಲೋಟ ಹಿಡಿದು ಹಾಜರಾದರು.

"ರಾಯರೇ, ಸಕ್ಕರೆ ಸಾಕಾ? ಅಂದ ಹಾಗೆ, ಕೆಂಪು ಕಾರೊಂದು ಇದೆಯಾ ಪಟ್ಟೀಲಿ? ಎರಡು ಎರಡು ಒಂಬತ್ತು ಸೊನ್ನೆ?"

"ಇದೆ ಅಕ್ಕ. ಹತ್ತು ನಲವತ್ತಕ್ಕೆ. ನೀವು ತಲೆನೋವು ಅಂತ ವಿಶ್ರಾಂತಿ ಕೋಣೇಲಿ ಮಲಗಿದ್ರಲ್ಲ?"

ಅಕ್ಕ ದನಿ ತಗ್ಗಿಸಿದರು. "ಕೂದಲಿಗೆ ಬಣ್ಣ ಹಾಕಿಸೋಕೆ ಹೋಗಿದ್ದೆ. ನನ್ನ ತಲೆ ಹುಟ್ಟಿನಿಂದಲೇ ಕಪ್ಪು ಅಂತ ಎಲ್ಲರೂ ನಂಬಿದಾರೆ. ನಿಮ್ಮ ಒಂದು ಪಟ್ಟಿಯಿಂದ ಅದು ಬೆಳ್ಳಗಾಗೋದು ಬೇಡ."

ಆ ಸಾಲೂ ಹೋಯಿತು. ಮೂರನೆಯವನು ಜೀಪಿನ ಡ್ರೈವರ್. ಮಂಗಳವಾರ ಜೀಪು ರಿಪೇರಿಗೆ ಹೋಗಿದೆ ಎಂದು ಬರೆಸಿದ್ದವನು. ರಾಯರು ಹುಡುಕಿದರೆ ರಿಪೇರಿಯಲ್ಲಿದ್ದ ಜೀಪು ಮಾರುಕಟ್ಟೆ ರಸ್ತೆಯಲ್ಲಿ ಏಳು ಸಲ ಓಡಿದೆ!

"ಏಳು ಸಲ ಏನಯ್ಯಾ?"

"ಭಾವ ಮನೆ ಬದಲಾಯಿಸಿದ್ರು ಸಾರ್. ಆರು ಸಲ ಸಾಮಾನು."

"ಏಳನೇ ಸಲ?"

"ಅವರಮ್ಮ ಸಾರ್. ಸಾಮಾನಿನ ಜೊತೆ ಬರಲ್ಲ ಅಂದ್ರು."

ರಾಯರು ಗಡಿಯಾರ ನೋಡಿದರು. ಏಳು ಸಾಲು ಒಂದೊಂದಾಗಿ ಅಳಿಸುವಷ್ಟು ಹೊತ್ತಿರಲಿಲ್ಲ. ಸೇತುವೆ ಪಟ್ಟಿ ತೆರೆದು, ಜೀಪಿನ ನಂಬರಿನಂತೆ ಸೊನ್ನೆ ಒಂಬತ್ತರಲ್ಲಿ ಕೊನೆಯಾಗುವುದನ್ನೆಲ್ಲ ತೆಗೆ ಎಂದು ಕಂಪ್ಯೂಟರಿಗೆ ಹೇಳಿದರು. ಅದು ಹೇಳಿದಷ್ಟನ್ನೇ ಮಾಡುವ ಪ್ರಾಣಿ. ಜೀಪಿನ ಜೊತೆಗೆ, ಯಾರ ತಂಟೆಗೂ ಹೋಗದ ಬೇರೆ ಹತ್ತೊಂಬತ್ತು ವಾಹನಗಳನ್ನೂ ಗುಡಿಸಿ ಹಾಕಿತು. ರಾಯರಿಗೆ ಅದು ತಿಳಿಯುವ ಮುಂಚೆಯೇ ಹೆಡ್ ಕ್ಲರ್ಕ್ ಬಂದು ಎದುರು ನಿಂತಿದ್ದರು.

"ನಂದು ಎರಡು ಸಲ ಇರಬಹುದು," ಎಂದರು ಗಂಭೀರವಾಗಿ. "ಸಮಯಪಾಲನೆ ಬಗ್ಗೆ ಸುತ್ತೋಲೆ ಬರೀಬೇಕಿತ್ತು. ಇಲ್ಲಿ ಗಲಾಟೆ. ಮನೆಗೆ ಹೋಗಿದ್ದೆ."

"ಎರಡು ಸಲ ಯಾಕೆ ಸರ್?"

"ಬರೆಯೋಕೆ ಹೋದಾಗ ಪೆನ್ನು ಇಲ್ಲೇ ಮರೆತಿದ್ದೆ. ಪ್ರಶ್ನೆ ಕೇಳಬೇಡಿ, ಅಳಿಸಿ."

ಅಳಿಸಿದರು. ಸರ್ಕಲ್ ಪಟ್ಟಿಯಲ್ಲಿ ಪೂರ್ತಿ ನಂಬರು ಕೊಟ್ಟು ಇವರನ್ನಷ್ಟೇ ಎಚ್ಚರದಿಂದ ತೆಗೆದರು. ಆಮೇಲೆ ಎರಡನ್ನೂ ಕೂಡಿಸಿ ಮೊತ್ತ ನೋಡಿದರೆ, ಒಳಗೆ ಹೋದದ್ದು ಏಳುನೂರ ಎಂಬತ್ತೆರಡು, ಹೊರಗೆ ಬಂದದ್ದು ಏಳುನೂರ ತೊಂಬತ್ತನಾಲ್ಕು! ರಾಯರಿಗೆ ನೆಲ ಕುಸಿದಂತಾಯಿತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವರ ತಾಳೆ ತಪ್ಪಿದ್ದು ಇದೇ ಮೊದಲು.

"ಮತ್ತೆ ಮೊದಲಿಂದ ಮಾಡ್ತೀನಿ," ಎಂದು ಗೋಗರೆದರು.

"ನಾಲ್ಕಕ್ಕೆ ಹತ್ತು ನಿಮಿಷ ಇದೆ. ಎಣಿಸಿದವರು ತೂಕಡಿಸಿದ್ರು ಅಂದ್ರಾಯ್ತು," ಎಂದು ಹೆಡ್ ಕ್ಲರ್ಕ್ ತಾವೇ ಕೈ ಚಾಚಿ ಪ್ರಿಂಟಿನ ಗುಂಡಿ ಒತ್ತಿದರು.

ಯಂತ್ರ ಕೊರಕೊರ ಅನ್ನುತ್ತ ಹಾಳೆ ಉಗುಳತೊಡಗಿತು. ರಾಯರು ಬಗ್ಗಿ ನೋಡಿದರು. ಎರಡನೇ ಹಾಳೆಯ ನಟ್ಟನಡುವೆ 'ಮೂರು ಸೊನ್ನೆ ಆರು ಎಂಟು' ಎಂದಿತ್ತು. ಎಲ್ಲೋ ನೋಡಿದ ನಂಬರು ಅನ್ನಿಸಿತು. ಮರುಕ್ಷಣ ಹೊಳೆಯಿತು. ಅದು ಅವರದೇ ಸ್ಕೂಟರು! ಮಂಗಳವಾರ ಹೆಂಡತಿಯ ಕನ್ನಡಕದ ಕಾಲು ಮುರಿದು, ಸರಿಮಾಡಿಸಲು ಓಡಿದ್ದು ಅವರಿಗೆ ಮರೆತೇ ಹೋಗಿತ್ತು. ಊರವರ ಕಸವನ್ನೆಲ್ಲ ಗುಡಿಸುವ ಭರದಲ್ಲಿ ತಮ್ಮ ಅಂಗಳವನ್ನೇ ಬಿಟ್ಟಿದ್ದರು.

ಹಾಳೆಗೆ ಕೈ ಹಾಕುವಷ್ಟರಲ್ಲಿ ಇನ್ನೊಂದು ಕೈ ಅದನ್ನು ಎತ್ತಿಕೊಂಡಿತು. ಮೇಡಂ!

"ಬಂತಾ? ಎಲ್ಲರೂ ಒಳಗೆ ಬನ್ನಿ."

ಐವರೂ ಮೇಡಂ ಮೇಜಿನ ಸುತ್ತ ನಿಂತರು. ನಾಲ್ವರು ಈಗಷ್ಟೇ ಸ್ನಾನ ಮಾಡಿ ಬಂದವರಂತೆ ಹಗುರವಾಗಿದ್ದರು. ರಾಯರೊಬ್ಬರು ಮಾತ್ರ ನೇಣಿಗೆ ಅಳತೆ ಕೊಡಲು ಬಂದವರಂತಿದ್ದರು.

ಮೇಡಂ ಡ್ರಾಯರಿನಿಂದ ಒಂದು ಚೀಟಿ ತೆಗೆದರು. "ಇದು ನಿಮ್ಮೆಲ್ಲರ ವಾಹನಗಳ ನಂಬರ್. ಜೀಪೂ ಇದೆ."

ರಾಯರು ಒಂದು ಹೆಜ್ಜೆ ಹಿಂದೆ ಸರಿದರು. ಹೆಡ್ ಕ್ಲರ್ಕ್ ಅವರ ಬೆನ್ನ ಮೇಲೆ ಮೆಲ್ಲಗೆ ಕೈಯಿಟ್ಟು, ಭಲೇ, ಅನ್ನುವಂತೆ ತಟ್ಟಿದರು.

"ಮೇಲಿಂದ ಒಂದು ದೂರು ಬಂದಿದೆ," ಮೇಡಂ ಮುಂದುವರಿಸಿದರು. "ಈ ಕಚೇರಿಯವರು ಕುರ್ಚಿ ಬಿಟ್ಟು ಏಳಲ್ಲ, ರಸ್ತೆ ಹೇಗಿದೆ ಅಂತ ಒಬ್ಬರೂ ಹೋಗಿ ನೋಡಲ್ಲ, ಕೂತಲ್ಲೇ ಯೋಜನೆ ಬರೀತಾರೆ ಅಂತ. ಸುಳ್ಳಿರಬೇಕು ಅಂದ್ಕೊಂಡೆ. ನಿಮ್ಮಲ್ಲಿ ನಾಲ್ಕೈದು ಜನ ಆ ರಸ್ತೇಲಿ ಓಡಾಡಿದ್ದು ಕಂಡಿದ್ರೂ ಸಾಕಿತ್ತು, ದೂರು ಹರಿದು ಹಾಕ್ತಿದ್ದೆ. ಎಲ್ಲರ ಹೆಸರೂ ಮೆಚ್ಚುಗೆ ಪತ್ರಕ್ಕೆ ಕಳಿಸ್ತಿದ್ದೆ."

ಬೆನ್ನ ಮೇಲಿನ ಕೈ ಕಲ್ಲಾಯಿತು.

"ನಾನಿದ್ದೆ ಮೇಡಂ!" ಹೆಡ್ ಕ್ಲರ್ಕ್ ಕೂಗಿಯೇಬಿಟ್ಟರು. "ಎರಡು ಸಲ!"

"ನಾನು ಏಳು ಸಲ ಮೇಡಂ!" ಎಂದ ಡ್ರೈವರ್.

ಮೇಡಂ ಹಾಳೆ ತಿರುವಿದರು. "ಎಲ್ಲಿದೆ ನಿಮ್ಮ ನಂಬರ್?"

ಎಲ್ಲಿದೆ ಎಂದು ಹೇಳುವುದು? ಹೆಡ್ ಕ್ಲರ್ಕ್ ತಿರುಗಿ ರಾಯರನ್ನು ದುರುಗುಟ್ಟಿ ನೋಡಿದರು.

"ಇರೋದು ಒಂದೇ ನಂಬರ್," ಮೇಡಂ ತಾಳೆರಾಯರ ಕಡೆ ತಿರುಗಿ ಮೊದಲ ಸಲ ನಕ್ಕರು. "ನಿಮ್ಮದು. ಎಂಟು ನಿಮಿಷದ ರಸ್ತೆಯನ್ನ ನಲವತ್ತು ನಿಮಿಷ ನಿಂತು ನಿಂತು ನೋಡಿದೀರಿ. ಇದು ಶ್ರದ್ಧೆ ಅಂದ್ರೆ."

ರಾಯರಿಗೆ ಕಣ್ಣು ತುಂಬಿ ಬಂತು. ಮೆಚ್ಚುಗೆ ಪತ್ರವನ್ನು ಯಾವ ಗೋಡೆಗೆ ಹಾಕುವುದೆಂದು ಮನಸ್ಸು ಆಗಲೇ ಮನೆಯೆಲ್ಲ ಸುತ್ತತೊಡಗಿತು.

"ಆದರೆ ಎಣಿಕೆ ಮಾತ್ರ ಕೆಟ್ಟಿದೆ," ಮೇಡಂ ಕೊನೆಯ ಹಾಳೆಯ ಮೇಲೆ ಬೆರಳಿಟ್ಟರು. "ಒಳಗೆ ಹೋಗಿದ್ದಕ್ಕಿಂತ ಹನ್ನೆರಡು ಹೆಚ್ಚು ಹೊರಗೆ ಬಂದಿವೆ. ರಸ್ತೆ ಏನು ಗಾಡಿ ಹೆರುತ್ತಾ? ಎಣಿಸೋಕೆ ನಂಬಿಕಸ್ಥರು ಬೇಕು. ರಾಯರೇ, ನಾಳೆ ಬೆಳಿಗ್ಗೆ ಆರರಿಂದ ನೀವು ಸೇತುವೆ ಹತ್ರ ನಿಲ್ಲಿ. ಸಂಜೆ ಏಳರವರೆಗೆ, ಮೂರು ತಿಂಗಳು. ಕುರ್ಚಿ ಕೊಡಲ್ಲ, ಕೂತ್ರೆ ದೂರು ಬರುತ್ತೆ. ಈ ನಾಲ್ವರೂ ನಿಮ್ಮ ಕೈಕೆಳಗೆ. ರಸ್ತೆ ಹೇಗಿರುತ್ತೆ ಅಂತ ಇವರಿಗೂ ತೋರಿಸಿ."

ಹೊರಗೆ ಬಂದು ಬಾಗಿಲು ಮುಚ್ಚಿದ್ದೇ ತಡ, ನಾಲ್ವರೂ ರಾಯರನ್ನು ಗೋಡೆಗೆ ಒತ್ತಿ ನಿಂತರು. ನಕಾಶೆಯಕ್ಕನ ಕಣ್ಣಲ್ಲಿ ಬೆಂಕಿ. "ಮೂರು ತಿಂಗಳು ಬಿಸಿಲಲ್ಲಿ ನಿಂತ್ರೆ ನನ್ನ ಬಣ್ಣ ಉಳಿಯುತ್ತಾ?"

"ಎಲ್ಲರದ್ದೂ ಹುಡುಕಿ ಹುಡುಕಿ ಅಳಿಸಿದ್ರಿ," ಹೆಡ್ ಕ್ಲರ್ಕ್ ಹಲ್ಲು ಕಡಿದರು. "ನಿಮ್ಮದೊಂದನ್ನ ಹೇಗೆ ಬಿಟ್ರಿ? ಮೇಡಂ ಮೊದಲೇ ಹೇಳಿದ್ರಾ?"

"ದೇವರಾಣೆ, ಕಣ್ಣಿಗೆ ಬೀಳಲೇ ಇಲ್ಲ," ಎಂದರು ತಾಳೆರಾಯರು.

ಅದು ಅಪ್ಪಟ ನಿಜ. ಆದರೆ ಪಟ್ಟಿಯಲ್ಲಿ ಇದ್ದದ್ದು ತಾಳೆರಾಯರ ಕಣ್ಣಿಗೆ ಬೀಳಲಿಲ್ಲವೆಂದರೆ ಆ ಕಚೇರಿಯಲ್ಲಿ ನಂಬುವವರು ಯಾರು?