ದೇವರ ಕೋಣೆಯ ಮೀಟರು

ಅಂಗೈಯಗಲದ ಆ ಮಷೀನು ಬರುವ ತನಕ ಸಂಜುಕುಮಾರನಂಥ ಸುಖಪುರುಷ ಆಳಂದ ತಾಲೂಕಿನಲ್ಲೇ ಇರಲಿಲ್ಲ. ಕರೆಂಟಿನ ಮೀಟರು ಓದುವ ಕೆಲಸ. ನಿಂಬರ್ಗಾದ ಬೇವಿನ ಗಿಡದ ಕೆಳಗೆ ಕೂತು, ಹೋದ ತಿಂಗಳ ಅಂಕಿಗೆ ಮನಸ್ಸಿಗೆ ಬಂದಷ್ಟು ಸೇರಿಸಿ, ಊರಿಗೆಲ್ಲ ಬಿಲ್ಲು ಹಂಚಿಬಿಡುತ್ತಿದ್ದ. ಕೆಲಸ ಹಗುರಾಗಲೆಂದು ಆಫೀಸಿನವರು ಮಷೀನು ಕೊಟ್ಟರು ನೋಡಿ, ಅಲ್ಲಿಗೆ ಸುಖ ಮುಗಿಯಿತು. ಮೀಟರಿನ ಫೋಟೋ ಹೊಡೆಯದೆ ಅದು ಬಿಲ್ಲು ಉಗುಳದು. ಹೊಡೆದ ಫೋಟೋ, ಚಾಡಿಕೋರ ನಾದಿನಿಯ ಹಾಗೆ, ಆ ಕ್ಷಣವೇ ಆಫೀಸು ಮುಟ್ಟುವುದು.

“ಇವತ್ತ ಒಂದ ಮನಿ ಬಿಟ್ರೂ ನಾಳಿ ಮಷೀನ ತಂದಿಟ್ಟು ಮನ್ಯಾಗ ಕೂಡು,” ಎಂದಿದ್ದರು ಆ ಮುಂಜಾನೆ ಮಷೀನು ಕೈಗಿಡುತ್ತ ಆಫೀಸಿನ ಫರಹತ ಮೇಡಂ.

ಸಂಜೆಗೆ ರೇವಮ್ಮನ ಮನೆಯೊಂದೇ ಉಳಿಯಿತು. ಮಷೀನಿನ ಬ್ಯಾಟರಿ ಕೊನೆಯುಸಿರು ಎಳೆಯುತ್ತಿತ್ತು.

“ಏನೋ ಸಂಜ್ಯಾ, ದಾರಿ ತಪ್ಪಿ ಬಂದೇನು?” ಪಕ್ಕದ ಮನೆಯ ರುಕ್ಮಿಣಿಬಾಯಿ ಕಟ್ಟೆಯ ಮೇಲಿಂದಲೇ ಕೆಣಕಿದಳು. “ಈ ಓಣ್ಯಾಗ ನಿನ್ನ ಮಾರಿ ಯಾರ ನೋಡ್ಯಾರ?”

“ತಿಂಗಳ ತಿಂಗಳಾ ಬಂದು ಮೀಟರ ನೋಡ್ತೇನ್ರಿ!”

ರೇವಮ್ಮ ಹೊರಗೆ ಬಂದಳು. “ಮೀಟರೇನಪ್ಪಾ? ಅದು—”

“ಗೊತ್ತದರಿ ಎವ್ವಾ. ದೇವರ ಕೋಣ್ಯಾಗ, ಮಾಡದ ಮ್ಯಾಲ. ನನಗ ಹೇಳಬೇಕೇನ್ರಿ?”

ರೇವಮ್ಮ ಅವನನ್ನು ಒಂದು ಗಳಿಗೆ ನೋಡಿದಳು. “ಹೌದಾ? ತಿಂಗಳಾ ನೋಡ್ತಿ? ಹಂಗಾದ್ರ ಮೈಲಿಗಿ ಮೈಯಾಗ ಆ ಕೋಣಿಗಿ ನನ್ನ ಅಳಿಯಗೂ ಬಿಡಂಗಿಲ್ಲ ಅಂಬೋದೂ ಗೊತ್ತಿರಬೇಕು. ಜಳಕಾ ಮಾಡು.”

ಅಂಗಳದ ಕಲ್ಲಿನ ಹತ್ತಿರ, ರುಕ್ಮಿಣಿಬಾಯಿಯ ಮೇಲೆ ಒಂದು ಕಣ್ಣಿಟ್ಟು, ರೇವಮ್ಮ ಕೊಟ್ಟ ಟವೆಲ್ಲು ಸುತ್ತಿಕೊಂಡು, ಬಿಚ್ಚಿದ ಪ್ಯಾಂಟನ್ನು ಬೆನ್ನ ಹಿಂದಿನ ಗೋಡೆಯಲ್ಲಿ ಕೈಗೆ ತಾಗಿದ್ದಕ್ಕೆ ತೂಗುಹಾಕಿದ. ತಣ್ಣೀರು ಬಿದ್ದದ್ದೇ ಜೀವ ನೆತ್ತಿಗೇರಿತು. ರೇವಮ್ಮ ಹಣೆಗೆ, ತೋಳಿಗೆ, ಎದೆಗೆ ವಿಭೂತಿ ಬಳಿದಳು. ಅವನು ನಡುಗುತ್ತ ಒಳಹೊಕ್ಕು, ಮಷೀನು ಎತ್ತಿ ಹಿಡಿದು, ಗೋಡೆಯ ಮಾಡದ ಮೇಲಿನ ಮೀಟರಿನ ಕಟ್ಟಿಗೆಯ ಪೆಟ್ಟಿಗೆ ತೆರೆದ.

ಕರ್ಪೂರದ ಡಬ್ಬಿ. ಊದಿನಕಡ್ಡಿ. ಒಂದು ಹಲ್ಲಿ.

“ಎವ್ವಾ! ಮೀಟರೆಲ್ಲಿ?”

“ಉಗಾದಿ ಮುಂದೇ ನಿಮ್ಮವರ ಬಂದು ಕಿತ್ತು ಹೊರಗಿನ ಗ್ವಾಡಿಗಿ ಹಾಕ್ಯಾರ. ನೀ ಪ್ಯಾಂಟ ತೂಗಹಾಕಿದ್ದು ಅದಕ್ಕss.”

ಸಂಜುಕುಮಾರ ಪೆಟ್ಟಿಗೆಯನ್ನು ಮೆಲ್ಲಗೆ ಮುಚ್ಚಿದ.

“ಹಂಗಾರ ಉಗಾದಿಯಿಂದ ಎದರ ರೀಡಿಂಗ್ ಬರದೀಪ್ಪಾ? ಹಲ್ಲೀದೇನು?” ರುಕ್ಮಿಣಿಬಾಯಿ ಬಾಗಿಲಿಗೇ ಬಂದು ನಿಂತಿದ್ದಳು.

ಒದ್ದೆ ಟವೆಲ್ಲಿನಲ್ಲೇ ಹೊರಗೆ ಓಡಿದ. ಪ್ಯಾಂಟು ಸರಿಸಿ ಫೋಟೋ ಹೊಡೆದ. ಮಷೀನು ಬಿಲ್ಲು ಉಗುಳಿ ಪ್ರಾಣ ಬಿಟ್ಟಿತು. ‘ಉಳಕೊಂಡೆ ಶಿವನೇ’ ಎನ್ನುವಷ್ಟರಲ್ಲಿ ಪ್ಯಾಂಟಿನ ಜೇಬಿನಲ್ಲಿ ಫೋನು ಬಡಕೊಂಡಿತು. ಫರಹತ ಮೇಡಂ!

“ಅರೇ ಸಂಜು, ಮೀಟರಿನ ಗ್ಲಾಸಿನ್ಯಾಗ ನಿನ್ನ ಅವತಾರ ಕಾಣಾಕತ್ತದಲ್ಲೋ! ಟವೆಲ್ಲು, ಮೈತುಂಬ ವಿಭೂತಿ... ಏನಿದು?”

ಟವೆಲ್ಲನ್ನು ಎರಡೂ ಕೈಯಿಂದ ಹಿಡಿಯಹೋಗಿ ಫೋನು ಬೀಳಿಸಿ, ಮತ್ತೆ ಎತ್ತಿಕೊಂಡ. ನೌಕರಿ ಹೋಯಿತು ಅನ್ನಿಸಿ, ಬಾಯಿಗೆ ಬಂದ ಸುಳ್ಳು ಹೇಳಿಯೇಬಿಟ್ಟ. “ದೇವರ ಕೋಣ್ಯಾಗಿನ ಮೀಟರ್ರಿ ಮೇಡಂ. ಜಳಕಾ ಮಾಡಲಾರದ ಬಿಡಂಗಿಲ್ರಿ. ನಾ ಯಾವತ್ತೂ ಹಿಂಗss ಮಾಡ್ತೇನ್ರಿ.”



“ಶಾಬ್ಬಾಸ್!” ಅಂಗಳಕ್ಕೆಲ್ಲ ಕೇಳುವಂತಿದ್ದ ಮೇಡಮ್ಮಿನ ದನಿ ಕರಗಿತ್ತು. “ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕಿನ್ಯಾಗ ಇಂಥಾ ಮನಿ ಭಾಳ ಅವ. ನಮ್ಮ ಹುಡುಗರು ಒಬ್ಬರೂ ಒಳಗ ಹೋಗವಲ್ರು. ನಾಳಿ ಮುಂಜಾನಿಂದ ಅವೆಲ್ಲಾ ನಿನ್ನವ.”

ಸಂಜುಕುಮಾರ ಫೋನನ್ನು ಇಲ್ಲದ ಜೇಬಿಗೆ ಹಾಕಹೋದ. ಟವೆಲ್ಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ರೇವಮ್ಮ ಒಳಗಿನಿಂದ ಇನ್ನೊಂದು ಒಣ ಟವೆಲ್ಲು ತಂದು ಅವನ ಹೆಗಲಿಗೆ ಹಾಕಿದಳು.

“ಇದೂ ಒಯ್ಯಪ್ಪಾ. ಒಂದ ಟವೆಲ್ಲಿನ ಮ್ಯಾಲ ಮೂರ ತಾಲೂಕ ನೀಗಂಗಿಲ್ಲ.”