ಸುಮ್ಮನೆ ನಡೆದು ಬಂದದ್ದು

ನಮ್ಮ ಜಿಲ್ಲೆಯಲ್ಲಿ ಸುಮ್ಮನೆ ನಡೆಯುವುದು ಬಹಳ ಕಷ್ಟ. ಕಾಲು ನೋಯುತ್ತದೆ ಎಂದಲ್ಲ, ಜನ ಬಿಡುವುದಿಲ್ಲ. ಮಣಿಪಾಲದಲ್ಲಿ ಬೆಳಗ್ಗೆ ಬೂಟು ಹಾಕಿಕೊಂಡು ನಡೆದರೆ ಅದು ವಾಕಿಂಗ್. ಕುಕ್ಕುಂದೂರಿನ ಆಚೆ ಬಿಳಿ ಪಂಚೆ ಉಟ್ಟು ಇಬ್ಬರು ಹಗಲು ಹೊತ್ತು ನಡೆದರೆ ಅದು ಅನಾಹುತ. ನಮ್ಮ ಕಡೆ ಸತ್ತವರ ಉತ್ತರಕ್ರಿಯೆಯ ಹೇಳಿಕೆಯನ್ನು ಹತ್ತಿರದವರಿಗೆ ಫೋನಿನಲ್ಲಿ ಮುಗಿಸುವ ಹಾಗಿಲ್ಲ, ಬಿಳಿ ಪಂಚೆ ಉಟ್ಟು ಇಬ್ಬರು ಮನೆಗೇ ಹೋಗಿ ಹೇಳಬೇಕು. ಇದನ್ನು ನಾನು ಹೊರಡುವ ಮೊದಲೇ ಯೋಚಿಸಬೇಕಿತ್ತು. ಆದರೆ ಯೋಚಿಸುವುದಕ್ಕೆ ಬಾಯಿ ಮುಚ್ಚಬೇಕಾಗುತ್ತದೆ, ಅದು ನನ್ನಿಂದ ಆಗದ ಕೆಲಸ. ಬನ್ನಂಜೆಯಲ್ಲಿ ನಾನು ಎದುರು ಬಂದರೆ ಪರಿಚಯದವರು ಚಪ್ಪಲಿ ಅಂಗಡಿಗೆ ನುಗ್ಗಿ ಬೇಡದ ಚಪ್ಪಲಿಯ ರೇಟು ಕೇಳುತ್ತಾರೆ.

ನನ್ನ ಸ್ನೇಹಿತ ಸದಾಶಿವ ನನ್ನನ್ನು ಕರೆದದ್ದೂ ಈ ಬಾಯಿಗಾಗಿಯೇ. ಅವನ ಹೊಟ್ಟೆಯಲ್ಲಿ ಗಡ್ಡೆ ಇದೆ, ಕೆಟ್ಟ ಜಾತಿಯದು ಎಂದು ಡಾಕ್ಟರು ಹೇಳಿದ್ದರು. ಮುಂದಿನ ವಾರ ಆಪರೇಷನ್. ಅವನನ್ನು ಎತ್ತಿ ಬೆಳೆಸಿದ ಅಕ್ಕ ಗಿರಿಜಕ್ಕನಿಗೆ ಇನ್ನೂ ಗೊತ್ತಿರಲಿಲ್ಲ.

“ನನ್ನಿಂದ ಆಗುವುದಿಲ್ಲ ಮಾರಾಯ. ನೀನು ಹೇಳು. ಕಾಲು ಗಟ್ಟಿ ಇರುವಾಗ ಅಕ್ಕನ ಮನೆಯ ಆ ಹಳೆಯ ದಾರಿಯಲ್ಲೇ ಒಮ್ಮೆ ನಡೆದು ಹೋಗುವ” ಎಂದ ಸದಾಶಿವ.

ಹೊರಟೆವು. ಮೊದಲು ಪದವು, ಅಂದರೆ ಮರವಿಲ್ಲದ ಮುರಕಲ್ಲಿನ ಬಯಲು. ಕಲ್ಲಿನ ಸಂದಿನಲ್ಲಿ ನೀಲಿ ಹೂ ತುಂಬಿತ್ತು, ಮೇಲೆ ಮೋಡ ಕಟ್ಟಿತ್ತು. ನಾನು ಆ ಹೂವಿನ ಬಗ್ಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ, ಗೊತ್ತಿಲ್ಲದ್ದನ್ನೂ ಹೇಳಿದೆ. ಸದಾಶಿವ ಹೂ ತುಳಿಯದ ಹಾಗೆ ಕಾಲಿಡುತ್ತ ಮುಂದೆ ನಡೆದ. ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿದವನೊಬ್ಬ “ಎಲ್ಲಿಗೆ? ಬಿಡ್ತೇನೆ, ಕೂತ್ಕೊಳ್ಳಿ” ಎಂದ. ನಾವು ಸುಮ್ಮನೆ ನಡೆಯುವುದು ಎಂದಾಗ ಧ್ವನಿ ಇಳಿಸಿ “ಯಾರು ಹೋದದ್ದು?” ಎಂದು ಕೇಳಿದ. ನಾನು ಜೋರಾಗಿ ನಕ್ಕೆ. ಸದಾಶಿವನ ಮುಖ ನೋಡಿದ ಮೇಲೆ ಆ ನಗುವನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಮುಂದೆ ಹೊಳೆ. ಕಿಂಡಿ ಅಣೆಕಟ್ಟಿನ ಮೇಲೆ ಅವನು ಬಹಳ ಹೊತ್ತು ನೀರು ನೋಡುತ್ತ ನಿಂತ. ಆಮೇಲೆ ಹಾಡಿ, ಅಂದರೆ ಊರಂಚಿನ ಕಾಡು. ಮರದ ಕೆಳಗೆ ಹಗಲಲ್ಲೇ ಕತ್ತಲೆ, ಕಾಲಿಗೆ ಜಿಗಣೆ. ಗಿರಿಜಕ್ಕನಿಗೆ ಹೇಳಬೇಕಾದ ವಾಕ್ಯವನ್ನು ನಾನು ಅಲ್ಲೇ ಮನಸ್ಸಿನಲ್ಲಿ ಜೋಡಿಸಿಕೊಂಡೆ. ಒಳ್ಳೆಯ ವಾಕ್ಯವೇ ಆಗಿತ್ತು.

ಹಾಡಿ ದಾಟಿದರೆ ಗಿರಿಜಕ್ಕನ ಮನೆ. ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದ ಗಿರಿಜಕ್ಕ ನಮ್ಮಿಬ್ಬರ ಬಿಳಿ ಪಂಚೆ ಕಂಡದ್ದೇ ಕೈಯಲ್ಲಿದ್ದ ಬಟ್ಟೆ ಬಿಟ್ಟು ಕೂಗಿದರು: “ಅಯ್ಯೋ ದೇವರೇ! ಯಾರು? ಯಾರು ಹೋದದ್ದು ಹೇಳಿ!”

“ಯಾರೂ ಇಲ್ಲ ಅಕ್ಕ, ಸುಮ್ಮನೆ ನಡೆದು ಬಂದದ್ದು” ಎಂದ ಸದಾಶಿವ. ಅವರು ಜಗಲಿಯಲ್ಲಿ ಕುಸಿದು ಕುಳಿತು ಅತ್ತರು, ನಕ್ಕರು, ನಮಗೆ ಬೈದರು. “ಬುದ್ಧಿ ಉಂಟಾ ನಿಮಗೆ? ಹೀಗೆ ಬರುವುದಾ?” ಎನ್ನುತ್ತಲೇ ಬೆಲ್ಲ, ನೀರು ತಂದಿಟ್ಟರು. ಅಷ್ಟು ಸಮಾಧಾನಗೊಂಡ ಮುಖದ ಎದುರು ನನ್ನ ವಾಕ್ಯ ಹೊರಡಲಿಲ್ಲ. ಊಟಕ್ಕೆ ಕುಳಿತಾಗ ಕುಚ್ಚಲಕ್ಕಿಯ ಬಗ್ಗೆ ಮಾತಾಡಿದೆ, ನಂದಿಕೂರಿನ ವಿದ್ಯುತ್ ಸ್ಥಾವರದ ಚಿಮಣಿಯ ಬಗ್ಗೆ ಮಾತಾಡಿದೆ, ಮೀನಿನ ರೇಟಿನ ಬಗ್ಗೆ ಮಾತಾಡಿದೆ. ಸದಾಶಿವ ಎಲೆಯ ಆಚೆಯಿಂದ ನನ್ನನ್ನೇ ನೋಡುತ್ತಿದ್ದ. ನನಗೆ ನಾಚಿಕೆಯಾಯಿತು, ಆದರೂ ಉಪ್ಪಿನಕಾಯಿಯನ್ನು ಹೊಗಳಿದೆ.

ಹೊರಡುವಾಗ ಗಿರಿಜಕ್ಕ ಒಂದು ಕಟ್ಟು ಬಸಳೆ ಹಿಡಿದು ನಮ್ಮೊಡನೆ ಹೊಳೆಯವರೆಗೂ ಬಂದರು. ಸದಾಶಿವ ಮುಂದೆ ಅಣೆಕಟ್ಟು ದಾಟುತ್ತಿದ್ದ. ಅವರು ಬಸಳೆಯನ್ನು ನನ್ನ ಕೈಗಿಟ್ಟು ಮೆಲ್ಲಗೆ ಹೇಳಿದರು: “ಎರಡು ಸಲ ಅನ್ನ ಹಾಕಿಸಿಕೊಳ್ಳುವವ, ಇವತ್ತು ಒಂದು ಮುಷ್ಟಿ ಉಂಡ. ಅಂಗಿ ನೇತಾಡ್ತಾ ಉಂಟು. ಕೆಟ್ಟ ಕಾಯಿಲೆಯೇ, ಅಲ್ವಾ? ನನಗೆ ಗೊತ್ತಾಯಿತು ಅಂತ ಅವನಿಗೆ ಈಗ ಹೇಳಬೇಡಿ. ದಾರಿ ಉದ್ದ ಉಂಟು, ಅಳ್ತಾನೆ.”

ಹೇಳಲೆಂದು ನಾನು ಹೊತ್ತು ತಂದ ಸುದ್ದಿಯನ್ನು ಅವರೇ ನನಗೆ ಹೇಳಿದ್ದರು. ನಾನು ‘ಹ್ಞೂಂ’ ಎಂದೆ. ಇಡೀ ದಿನದಲ್ಲಿ ನಾನು ಆಡಿದ ಉಪಯೋಗದ ಮಾತು ಅದೊಂದೇ.